ಮರ ತಿನ್ನುತ್ತಿರುವುದು ಯಾವ ಹುಳ? ಔಷಧಿಗೆ ಮುಂಚಿನ ತಪಾಸಣೆ

ಬಾಗಿಲ ಚೌಕಟ್ಟಿನ ಬುಡದಲ್ಲಿ ಒಂದು ಗೆರೆ ಮಣ್ಣು ಕಾಣುತ್ತದೆ. ಅಥವಾ ಬೆಳಿಗ್ಗೆ ಗುಡಿಸಿದ ಮಂಚದ ಕೆಳಗೆ ಸಂಜೆಗೆ ಮತ್ತೆ ಪುಡಿ ಬಿದ್ದಿರುತ್ತದೆ. ಕೂಡಲೇ ಎಲ್ಲರೂ ಮಾಡುವ ಕೆಲಸ ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್. ಅವರು ಬಂದು ನೆಲ ಕೊರೆದು ಔಷಧಿ ಹಾಕಿ ಹೋಗುತ್ತಾರೆ. ಮಂಚದ ಪುಡಿ ಮಾತ್ರ ನಿಲ್ಲುವುದಿಲ್ಲ. ನಿಲ್ಲುವುದಾದರೂ ಹೇಗೆ? ಮಂಚದಲ್ಲಿ ಇದ್ದದ್ದು ಕುಟ್ಟೆ ಹುಳ. ಅದಕ್ಕೂ ನೆಲಕ್ಕೂ ಸಂಬಂಧವೇ ಇಲ್ಲ.

ಮನೆಯ ಮರ ಹಾಳುಮಾಡುವ ಹುಳಗಳು ನಮ್ಮ ಕಡೆ ಮುಖ್ಯವಾಗಿ ಮೂರು ಗುಂಪು. ನೆಲದಿಂದ ಹತ್ತುವ ಗೆದ್ದಲು (ಕರಾವಳಿಯವರ ಒರಲೆ), ಮರದೊಳಗೇ ಸಂಸಾರ ಹೂಡುವ ಒಣಮರದ ಗೆದ್ದಲು, ಮತ್ತು ಕುಟ್ಟೆ ಅಂತ ಒಟ್ಟಾಗಿ ಕರೆಯುವ ಕೊರೆಯುವ ಹುಳಗಳು. ಮೂರಕ್ಕೂ ಒಂದೇ ಮದ್ದು ಆಗುವುದಿಲ್ಲ. ಹಾಗಾಗಿ ಮೊದಲ ಅರ್ಧ ದಿನ ಬರೀ ನೋಡುವುದಕ್ಕೆ ಇಡಿ. ಸ್ಪ್ರೇ ಹೊಡೆಯಬೇಡಿ, ಸೀಮೆಎಣ್ಣೆ ಸುರಿಯಬೇಡಿ, ಮಣ್ಣಿನ ಗೆರೆ ಒರೆಸಬೇಡಿ. ಒರೆಸಿದರೆ ಸಾಕ್ಷಿ ಹೋಯ್ತು.

ಸಾಮಾನು ಜಾಸ್ತಿ ಬೇಡ. ಒಳ್ಳೆಯ ಟಾರ್ಚ್, ಚಪ್ಪಟೆ ಮೂತಿಯ ಸ್ಕ್ರೂಡ್ರೈವರ್, ಪೆನ್ಸಿಲ್, ಕಪ್ಪು ಹಾಳೆ, ಕಾಗದದ ಟೇಪು, ಫೋನಿನ ಕ್ಯಾಮೆರಾ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕ್ಯಾಮೆರಾದ ಜೂಮ್ ಸಾಕು. ಟಾರ್ಚನ್ನು ಎದುರಿನಿಂದ ಬಿಡಬೇಡಿ. ಗೋಡೆಗೆ ಒತ್ತಿ ಅಡ್ಡಡ್ಡ ಹಿಡಿಯಿರಿ. ಬಣ್ಣದ ಸಣ್ಣ ಉಬ್ಬು, ತಗ್ಗು ಎಲ್ಲ ಆಗ ನೆರಳು ಬಿಟ್ಟು ಎದ್ದು ಕಾಣುತ್ತವೆ.

ಮಣ್ಣು ಕಂಡರೆ

ಮಣ್ಣಿನ ಗೆರೆ ಕಂಡರೆ ಬಹುಮಟ್ಟಿಗೆ ನೆಲದ ಗೆದ್ದಲೇ. ಕೆಲಸಗಾರ ಗೆದ್ದಲಿಗೆ ಕಣ್ಣಿಲ್ಲ, ಮೈ ಚರ್ಮ ಬಹಳ ತೆಳು. ಒಣ ಗಾಳಿ ತಾಗಿದರೆ ಬೇಗ ಒಣಗಿ ಸಾಯುತ್ತದೆ. ಅದಕ್ಕೇ ಮಣ್ಣು, ಎಂಜಲು, ಹಿಕ್ಕೆ ಕಲಸಿ ಮುಚ್ಚಿದ ದಾರಿ ಕಟ್ಟಿಕೊಂಡು ಓಡಾಡುತ್ತದೆ. ದಾರಿ ಸಾಮಾನ್ಯವಾಗಿ ಪೆನ್ಸಿಲ್ ದಪ್ಪ. ನೆಲದಿಂದ ಗೋಡೆ ಹತ್ತಿ, ಮೂಲೆ ಹಿಡಿದು, ಎಲ್ಲಿ ಮರ ಸಿಗುತ್ತದೋ ಅಲ್ಲಿಗೆ ಹೋಗುತ್ತದೆ. ಕೆಲವೊಮ್ಮೆ ದಾರಿ ಹೊರಗೆ ಕಾಣುವುದೇ ಇಲ್ಲ. 1 ಮಿ.ಮೀ. ಬಿರುಕು ಸಿಕ್ಕರೆ ಸಾಕು, ಗೋಡೆಯ ಒಳಗಿಂದಲೇ ಹೋಗುತ್ತದೆ.

ಇಲ್ಲಿ ಮೋಸ ಹೋಗುವುದು ಸುಲಭ. ಮೂಲೆಯಲ್ಲಿ ಮುದ್ದೆಯಾಗಿ ಅಂಟಿದ ಮಣ್ಣಿನ ಗೂಡು ಕುಂಬಾರ ಹುಳದ್ದು. ಅದು ಒಂದೇ ಕಡೆ ಇರುತ್ತದೆ, ನೆಲಕ್ಕೆ ದಾರಿ ಇರುವುದಿಲ್ಲ, ಮರಕ್ಕೆ ಏನೂ ಆಗುವುದಿಲ್ಲ. ಟೈಲ್ಸ್ ಸಂದಿಯಿಂದ ಸಣ್ಣ ಗುಡ್ಡೆಯಾಗಿ ಉದುರು ಮರಳು ಬಿದ್ದಿದ್ದರೆ ಇರುವೆ. ಇರುವೆ ಮಣ್ಣನ್ನು ಹೊರಗೆ ತಂದು ಸುರಿಯುತ್ತದೆ, ಕಲಸಿ ದಾರಿ ಕಟ್ಟುವುದಿಲ್ಲ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಎದ್ದು ಬಣ್ಣ ಸುಲಿಯುತ್ತಿದ್ದರೆ ಅದು ಉಪ್ಪು, ತೇವದ ಗುರುತು. ಹುಳ ಅಲ್ಲ, ಆದರೆ ಹುಳಕ್ಕೆ ಬೇಕಾದ ನೀರು ಅಲ್ಲಿದೆ ಅಂತ ಗೊತ್ತಾಯ್ತು. ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಕಾಂಪೌಂಡಿನ ಮಾವಿನ ಮರ, ತೆಂಗಿನ ಮರದ ಬೊಡ್ಡೆಗೆ ಹಾಳೆಯಂತೆ ಮಣ್ಣು ಮೆತ್ತಿರುವುದನ್ನು ನೋಡಿ ಗಾಬರಿ ಬೀಳುವವರು ಇದ್ದಾರೆ. ಅಲ್ಲಿ ಅದು ತಿನ್ನುತ್ತಿರುವುದು ಹೆಚ್ಚಾಗಿ ಸತ್ತ ತೊಗಟೆ. ಮನೆಗೆ ಬಂತು ಅಂತ ಅರ್ಥವಲ್ಲ. ಅಂಗಳದ ಹುತ್ತವೂ ಅಷ್ಟೇ. ಪೂಜೆ ಮಾಡುವ ಹುತ್ತವಾದರೆ ಕೆಡವುವ ಮಾತೇ ಇಲ್ಲ, ಕೆಡವುವ ಅಗತ್ಯವೂ ಹೆಚ್ಚಿನ ಸಲ ಇರುವುದಿಲ್ಲ. ನೋಡಬೇಕಾದ್ದು ಮನೆಯ ಪಂಚಾಂಗದ (ಅಡಿಪಾಯದ) ಸುತ್ತ.

ಪುಡಿ ಬಿದ್ದರೆ

ಪುಡಿಯನ್ನು ಕಪ್ಪು ಹಾಳೆಯ ಮೇಲೆ ತೆಗೆದುಕೊಳ್ಳಿ. ಬೆರಳಲ್ಲಿ ಉಜ್ಜಿ. ಮೈದಾ ಹಿಟ್ಟಿನಷ್ಟು ನುಣುಪಾಗಿದ್ದು ಬೆರಳಿನ ಗೆರೆಯೊಳಗೆ ಕೂತರೆ ಅದು ಪುಡಿ ಕುಟ್ಟೆ, ಲಿಕ್ಟಸ್ ಜಾತಿಯ ಹುಳ. ಮರದಲ್ಲಿ 1ರಿಂದ 2 ಮಿ.ಮೀ. ದುಂಡು ತೂತುಗಳು ಕಾಣುತ್ತವೆ. ತಟ್ಟಿದರೆ ಮತ್ತೆ ಹಿಟ್ಟು ಉದುರುತ್ತದೆ.

ಉಜ್ಜಿದಾಗ ಗಟ್ಟಿ ಕಾಳು ಸಿಕ್ಕಿ ಗರಗರ ಅನ್ನಿಸಿದರೆ ಭೂತಗನ್ನಡಿಯಲ್ಲಿ ನೋಡಿ. ಒಂದೇ ಅಳತೆಯ ಕಾಳುಗಳು, ಗಸಗಸೆಗಿಂತ ಒಂಚೂರು ಉದ್ದ, ಪಕ್ಕಗಳಲ್ಲಿ ಆರು ಮುಖ. ಹಾಗಿದ್ದರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಇದಕ್ಕೆ ಮಣ್ಣಿನ ದಾರಿ ಬೇಡ, ನೆಲದ ಸಂಪರ್ಕ ಬೇಡ, ಬೇರೆ ನೀರೂ ಬೇಡ. ಮರದಲ್ಲಿರುವ ತೇವವೇ ಸಾಕು. ಗುಂಪೆಲ್ಲ ಒಂದೇ ತೊಲೆಯಲ್ಲೋ ಕಪಾಟಿನಲ್ಲೋ ಇರುತ್ತದೆ. ಹಿಕ್ಕೆಯನ್ನು ಸಣ್ಣ ತೂತಿನಿಂದ ಹೊರಗೆ ತಳ್ಳಿ ತೂತು ಮುಚ್ಚುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಇದನ್ನು ಮರೆಯಬಾರದು. ಮಣ್ಣಿನ ದಾರಿ ಹುಡುಕಿ ಸಿಗಲಿಲ್ಲ ಅಂತ ಗೆದ್ದಲು ಇಲ್ಲ ಎಂದು ಬಿಟ್ಟುಬಿಡುವುದು ಇಂಥ ಮನೆಗಳಲ್ಲೇ.

ಮೂರನೆಯದು ತರಿತರಿ ಪುಡಿ. ತೂತು 3ರಿಂದ 6 ಮಿ.ಮೀ. ಇದ್ದರೆ ದೊಡ್ಡ ಜಾತಿಯ ಕುಟ್ಟೆ. ಹೊಸದಾಗಿ ಕೊಯ್ದ ಹಲಗೆ, ಪ್ಯಾಕಿಂಗ್ ಪೆಟ್ಟಿಗೆಯಲ್ಲಿ ಹೆಚ್ಚು. ಬಿದಿರಿನ ತಟ್ಟಿ, ಬುಟ್ಟಿ, ಏಣಿಗೆ ಇನ್ನೊಂದು ಸಣ್ಣ ಕುಟ್ಟೆ ಇದೆ, ಬಿದಿರಿನ ಪಿಷ್ಟ ಅದಕ್ಕೆ ಊಟ. ಕಡಿದ ಬಿದಿರನ್ನು ಹಿಂದಿನವರು ವಾರಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದದ್ದು ಆ ಪಿಷ್ಟ ಇಳಿಯಲಿ ಅಂತಲೇ.

ಪುಡಿ ಕುಟ್ಟೆಯ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಇದು ಕೆಚ್ಚು, ಅಂದರೆ ಮರದ ನಡುವಿನ ಗಟ್ಟಿ ಭಾಗ, ತಿನ್ನುವುದಿಲ್ಲ. ಮರದ ಹೊರಭಾಗದ ಬಿಳಿ ಮರವೇ ಅದಕ್ಕೆ ಬೇಕು, ಏಕೆಂದರೆ ಪಿಷ್ಟ ಇರುವುದು ಅಲ್ಲಿ. 'ತೇಗ ಸಾರ್, ಏನೂ ಆಗಲ್ಲ' ಅಂತ ಅಂಗಡಿಯವರು ಹೇಳುವ ಮಾತು ತೇಗದ ಕೆಚ್ಚಿಗೆ ಸರಿ. ಅದೇ ತೇಗದ ಬಿಳಿ ಭಾಗವನ್ನು ಕುಟ್ಟೆಯೂ ಬಿಡುವುದಿಲ್ಲ, ಗೆದ್ದಲೂ ಬಿಡುವುದಿಲ್ಲ. ಹೊಸ ಮಂಚದ ಒಂದು ಪಟ್ಟಿಯಲ್ಲಿ ಮಾತ್ರ ಪುಡಿ ಬೀಳುತ್ತಿದ್ದರೆ ಪಾಲಿಶ್ ಕೆರೆದು ನೋಡಿ. ಆ ಪಟ್ಟಿಯ ಅಂಚು ಬೆಳ್ಳಗಿರುತ್ತದೆ. ರಬ್ಬರ್ ಮರ, ಮಾವು, ಬೂರುಗ ಇವುಗಳಿಗೆ ಸರಿಯಾಗಿ ಮದ್ದು ಉಣಿಸದಿದ್ದರೆ ಪೂರ್ತಿ ಹಲಗೆಯೇ ಊಟ. ಪ್ಲೈವುಡ್‌ನ ಮೇಲ್ಪದರದಲ್ಲಿ ಸೂಜಿ ಚುಚ್ಚಿದಂಥ ತೂತು ಬರುವುದೂ ಇದರಿಂದಲೇ. 'ವಾಟರ್‌ಪ್ರೂಫ್ ಪ್ಲೈ' ಅಂದರೆ ಅಂಟು ನೀರಿಗೆ ಬಿಡುವುದಿಲ್ಲ ಅಂತ ಅಷ್ಟೇ. ಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಹುಳಕ್ಕೆ ಮದ್ದು ಉಣಿಸಿದೆಯೇ ಅಂತ ಬೇರೆಯಾಗಿಯೇ ಕೇಳಬೇಕು.

ಹೊಸ ಸಾಮಾನಿನಲ್ಲಿ ಮೊದಲ ಒಂದೆರಡು ವರ್ಷದಲ್ಲೇ ಪುಡಿ ಶುರುವಾದರೆ ಹುಳ ಮೊಟ್ಟೆಯಾಗಿ ಮರದ ಜೊತೆಗೇ ಬಂದಿರುತ್ತದೆ. ಮನೆಯದ್ದಲ್ಲ. ವಯಸ್ಸಾದ ಮರಕ್ಕೆ ಈ ಕಾಟ ಕಡಿಮೆ, ಪಿಷ್ಟ ಇಳಿದುಹೋಗಿರುತ್ತದೆ. ಅಜ್ಜನ ಕಾಲದ ಪೆಟಾರಿಯಲ್ಲಿ ತೂತುಗಳಿದ್ದರೆ ಅವು ಎಷ್ಟೋ ವರ್ಷದ ಹಿಂದಿನವೂ ಆಗಿರಬಹುದು.

ದೊಡ್ಡ ತೂತು, ಸದ್ದು, ರೆಕ್ಕೆ

ಬೆರಳು ತೂರುವಷ್ಟು, ಸುಮಾರು 1 ಸೆಂ.ಮೀ. ಅಗಲದ, ಡ್ರಿಲ್ ಹೊಡೆದಷ್ಟು ದುಂಡಗಿನ ತೂತು ಮಾಡಿನ ಪಕಾಸಿನಲ್ಲೋ (ಹೆಂಚಿನ ಅಡಿಯ ಇಳಿಜಾರು ಮರ) ಬಿದಿರಿನಲ್ಲೋ ಇದ್ದರೆ ಅದು ಕಪ್ಪು ದುಂಬಿಯ ಕೆಲಸ. ಕೆಳಗೆ ಗರಗಸದ ಹೊಟ್ಟಿನಂಥ ಪುಡಿ ಬಿದ್ದಿರುತ್ತದೆ. ದುಂಬಿ ಮರ ತಿನ್ನುವುದಿಲ್ಲ, ಮೊಟ್ಟೆಯಿಡಲು ಮನೆ ಮಾಡುತ್ತದೆ ಅಷ್ಟೇ. ವರ್ಷ ವರ್ಷ ಅದೇ ಪಕಾಸಿಗೆ ಬಂದರೆ ಮರ ಸೋಲುತ್ತದೆ. ಮರಿಗಳು ಹಾರಿಹೋದ ಮೇಲೆ ಮರದ ಗೂಟ ಹೊಡೆದು ಮುಚ್ಚಿ ಬಣ್ಣ ಬಳಿಯಿರಿ. ವಿಷ ಬೇಡ. ನಿಮ್ಮ ತೋಟದ ಹೂವಿಗೆ ಬರುವುದೂ ಇದೇ ದುಂಬಿ.

ರಾತ್ರಿ ಮನೆ ಶಾಂತವಾದ ಮೇಲೆ ಮರದೊಳಗಿಂದ ಕೆರೆಯುವ ಸದ್ದು ಬಂದು, ಜೊತೆಗೆ ಅಂಡಾಕಾರದ ದೊಡ್ಡ ತೂತು ಕಂಡರೆ ಉದ್ದಮೀಸೆ ದುಂಬಿ ಅನ್ನುವ ಬೇರೆ ಜೀರುಂಡೆಯ ಮರಿಹುಳ. ಇದು ಮರದೊಳಗೆ ವರ್ಷಗಟ್ಟಲೆ ಇರಬಲ್ಲದು. ಗೆದ್ದಲಿಗೂ ಒಂದು ಸದ್ದಿದೆ. ಹಿಡಿದ ಚೌಕಟ್ಟನ್ನು ಗಟ್ಟಿಯಾಗಿ ತಟ್ಟಿ ಕಿವಿ ಇಟ್ಟರೆ ಒಳಗೆ ಚಿಟಚಿಟ ಕೇಳುತ್ತದೆ. ಕಾವಲುಗಾರ ಗೆದ್ದಲುಗಳು ತಲೆ ಬಡಿದು ಉಳಿದವಕ್ಕೆ ಸುದ್ದಿ ಮುಟ್ಟಿಸುವ ಸದ್ದು ಅದು.

ರೆಕ್ಕೆಯ ವಿಷಯದಲ್ಲಿ ಆತುರ ಬೇಡ. ಮೇ, ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಸಂಜೆ ಈಸಲು ಹುಳ (ರೆಕ್ಕೆ ಬಂದ ಗೆದ್ದಲು) ಏಳುತ್ತದೆ. ದೀಪಕ್ಕೆ ಬಂದು ಬಿದ್ದು ಬೆಳಿಗ್ಗೆ ಕಿಟಕಿ ಹತ್ತಿರ ರಾಶಿ ರೆಕ್ಕೆ. ಹೊರಗಿನ ಹುತ್ತದಿಂದ ಬಂದ ಹುಳ ಅದು, ಮನೆಗೆ ಗೆದ್ದಲು ಹಿಡಿದಿದೆ ಅಂತ ಅದರಿಂದ ಹೇಳಲಾಗದು. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ, ಚೌಕಟ್ಟಿನ ಸಂದಿಯಿಂದಲೋ ಸ್ಕರ್ಟಿಂಗ್ ಬಿರುಕಿನಿಂದಲೋ ಹುಳ ಏಳುವುದನ್ನು ನೀವೇ ನೋಡಿದರೆ ಬೇರೆ ಪುರಾವೆ ಬೇಡ. ಆ ಜಾಗಕ್ಕೆ ಕೂಡಲೇ ಪೆನ್ಸಿಲ್ ಗುರುತು ಹಾಕಿ. ರೆಕ್ಕೆ ಇರುವೆಯದ್ದೂ ಇರಬಹುದು. ಗೆದ್ದಲಿನ ನಾಲ್ಕು ರೆಕ್ಕೆಯೂ ಒಂದೇ ಉದ್ದ, ಸೊಂಟ ದಪ್ಪ, ಮೀಸೆ ನೇರ. ಇರುವೆಯ ಮುಂದಿನ ರೆಕ್ಕೆ ಉದ್ದ, ಸೊಂಟ ಸಣ್ಣ, ಮೀಸೆ ಮೊಣಕೈಯಂತೆ ಮಡಚಿರುತ್ತದೆ.

ಮಣ್ಣಿಲ್ಲ, ಪುಡಿಯಿಲ್ಲ, ತೂತಿಲ್ಲ, ಆದರೂ ಮರ ಮೆತ್ತಗಾಗಿ ಕಪ್ಪಾಗಿ ಚೌಕ ಚೌಕವಾಗಿ ಬಿರಿದಿದೆಯೇ? ಅದು ಕೊಳೆತ. ಬೂಷ್ಟಿನ ಕೆಲಸ. ನೀರು ನಿಲ್ಲಿಸಿ.

ಎಲ್ಲಿಂದ ಶುರು ಮಾಡಬೇಕು

ಹೊರಗಿನಿಂದ. ಮನೆ ಸುತ್ತ ಒಂದು ಸುತ್ತು ನಿಧಾನವಾಗಿ ನಡೆಯಿರಿ. ಗೋಡೆಗೆ ಒರಗಿಸಿದ ಸೌದೆ, ಸೆಂಟ್ರಿಂಗ್ ಹಲಗೆ, ತೆಂಗಿನ ಸಿಪ್ಪೆ ರಾಶಿ ಇದ್ದರೆ ಎತ್ತಿ ಅದರ ಹಿಂದಿನ ಗೋಡೆ ನೋಡಿ. ಹೂಕುಂಡ ಸಾಲಾಗಿ ಗೋಡೆಗೆ ತಾಗಿದ್ದರೆ ಸರಿಸಿ. ಹೂವಿನ ಪಾತಿಯ ಮಣ್ಣು ಪಂಚಾಂಗ ದಾಟಿ ಗೋಡೆಯ ಮೇಲಕ್ಕೆ ಬಂದಿದೆಯೇ? ಬಂದಿದ್ದರೆ ಗೆದ್ದಲಿಗೆ ಮೆಟ್ಟಿಲು ನೀವೇ ಕಟ್ಟಿಕೊಟ್ಟಂತೆ. ಮನೆ ಕಟ್ಟುವಾಗ ಮೇಸ್ತ್ರಿಗಳು ಹಲಗೆ ಚೂರು, ಗೂಟಗಳನ್ನು ತುಂಬುಮಣ್ಣಿನಲ್ಲಿ ಮುಚ್ಚಿಬಿಡುವುದುಂಟು. ನಂತರ ನೆಲದ ಮಧ್ಯದಿಂದಲೇ ಗೆದ್ದಲು ಎದ್ದರೆ ಕಾರಣ ಹೆಚ್ಚಾಗಿ ಅದು.

ಒಳಗೆ ಬಂದ ಮೇಲೆ ಸ್ನಾನದ ಮನೆಯ ಬಾಗಿಲಿಗೆ ಹೋಗಿ. ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಹೋಗುವ ಮರ ಅದೇ. ಮಂಡಿಯೂರಿ ಕೂತು ಚೌಕಟ್ಟಿನ ಕೆಳಗಿನ ಒಂದಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ಹೊರಗೆ ಎನಾಮೆಲ್ ಬಣ್ಣ ಚೆನ್ನಾಗಿಯೇ ಇರುತ್ತದೆ. ಗೆದ್ದಲು ಮೇಲಿನ ಪದರವನ್ನು ಬೇಕಂತಲೇ ಬಿಟ್ಟು ಒಳಗೆ ತಿನ್ನುತ್ತದೆ. ಹೆಬ್ಬೆರಳಿಗೆ ಒಂದು ಕಡೆ ಬಣ್ಣ ಒಳಕ್ಕೆ ಜಗ್ಗಿದಂತಾದರೆ ಅಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಮರ ಟಕ್ ಅನ್ನುತ್ತದೆ, ತಿಂದ ಮರ ಬೊಳ್ ಅನ್ನುತ್ತದೆ. ಈಗ ಮೂತಿಯಿಂದ ಮೆಲ್ಲಗೆ ಚುಚ್ಚಿ. ಬಣ್ಣದ ಪೊರೆ ಒಡೆದ ತಕ್ಷಣ ಒಳಗೆ ಕಾಣುವುದು ಮರದ ನಾರಿನ ಉದ್ದಕ್ಕೆ ಪದರ ಪದರವಾಗಿ ಉಳಿದ ಗಟ್ಟಿ ಎಳೆಗಳು, ನಡುವೆ ಒದ್ದೆ ಮಣ್ಣು. ಟಾರ್ಚ್ ಬೆಳಕು ಬಿದ್ದ ಕೂಡಲೇ ಬಿಳಿ ಹುಳಗಳೆಲ್ಲ ಒಳಕ್ಕೆ ಸರಿಯುತ್ತವೆ. ತೂತಿನ ಬಾಯಿಗೆ ಎದುರಾಗಿ ಒಂದೆರಡು ಮಾತ್ರ ನಿಲ್ಲುತ್ತವೆ, ಹಳದಿ ತಲೆ, ಮುಂದೆ ಕತ್ತರಿಯಂಥ ಹಲ್ಲು. ಅವು ಕಾವಲುಗಾರರು. ಫೋಟೋ ತೆಗೆಯಿರಿ. ಹುಲ್ಲುಕಡ್ಡಿಯಿಂದ ಮುಟ್ಟಿ ನೋಡಿ. ತಲೆಯ ಮುಂದಿನಿಂದ ಹಾಲಿನಂಥ ಬಿಳಿ ಹನಿ ಬಂದರೆ ಅದು ಕಾಪ್ಟೋಟರ್ಮಿಸ್ ಜಾತಿ. ಈ ಗುರುತು ಮುಂದೆ ಉಪಯೋಗಕ್ಕೆ ಬರುತ್ತದೆ. ನೋಡಿಯಾದ ಮೇಲೆ ತೂತಿಗೆ ಟೇಪು ಅಂಟಿಸಿ ಹಾಗೇ ಬಿಡಿ.

ಆಮೇಲೆ ಕ್ರಮವಾಗಿ ಅಡಿಗೆಮನೆ ಸಿಂಕಿನ ಕೆಳಗಿನ ಕಪಾಟು, ಸ್ನಾನದ ಮನೆಯ ಗೋಡೆಗೆ ಬೆನ್ನು ಕೊಟ್ಟ ವಾರ್ಡ್‌ರೋಬ್, ದೇವರ ಮನೆಯ ಚೌಕಟ್ಟು, ಪುಸ್ತಕದ ಕಪಾಟಿನ ಕೆಳಗಿನ ಹಲಗೆ. ವಾರ್ಡ್‌ರೋಬ್‌ನಲ್ಲಿ ಬಟ್ಟೆ ತೆಗೆದು ಹಿಂದಿನ ಹಲಗೆಯನ್ನೇ ನೋಡಬೇಕು, ಬಾಗಿಲು ನೋಡಿ ಪ್ರಯೋಜನವಿಲ್ಲ. ಸ್ವಿಚ್‌ಬೋರ್ಡಿನ ಸುತ್ತ ಮಣ್ಣು ಇಣುಕುತ್ತಿದ್ದರೆ ಗೆದ್ದಲು ವೈರಿನ ಪೈಪಿನೊಳಗೆ ಹತ್ತಿದೆ. ಅಲ್ಲಿ ಸ್ಕ್ರೂಡ್ರೈವರ್ ಹಾಕಬೇಡಿ, ಮೇನ್ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ.

ಹೆಂಚಿನ ಮನೆಯಾದರೆ ಅಟ್ಟ ಹತ್ತಲೇಬೇಕು. ಪಕಾಸು ಗೋಡೆಯ ಮೇಲೆ ಕೂರುವ ತುದಿಯನ್ನು ಮೊದಲು ನೋಡಿ. ಮಲೆನಾಡಿನ ಮಳೆಗೆ ಒಡೆದ ಒಂದು ಮಂಗಳೂರು ಹೆಂಚು ಸಾಕು, ನೀರು ಪಕಾಸಿನ ಮೇಲೇ ಹರಿದು ಆ ತುದಿಗೆ ಬಂದು ನಿಲ್ಲುತ್ತದೆ. ರೀಪಿನಲ್ಲಿ (ಹೆಂಚು ಕೂರುವ ಅಡ್ಡಪಟ್ಟಿ) ತೊಂದರೆ ಇದ್ದರೆ ಹೆಂಚಿನ ಸಾಲು ಬಾಗಿರುತ್ತದೆ, ಅಂಗಳದಲ್ಲಿ ನಿಂತರೇ ಕಾಣುತ್ತದೆ. ಅಟ್ಟಕ್ಕೆ ಹೋಗುವಾಗ ಮುಚ್ಚಿಗೆ ಹಲಗೆ ಮೇಲೆ ಕಾಲಿಡಬೇಡಿ, ಕೆಳಗಿನ ಜಂತಿ ಇರುವ ಕಡೆಯೇ ಇಡಿ. ಜಂತಿಯನ್ನೂ ಮೊದಲು ಕೆಳಗಿನಿಂದ ತಟ್ಟಿ ನೋಡಿರಬೇಕು.

ಈಗಲೂ ಇದೆಯೋ, ಬಿಟ್ಟುಹೋಗಿದೆಯೋ?

ಮಣ್ಣಿನ ದಾರಿಯ ಮಧ್ಯದಲ್ಲಿ ಎರಡು ಸೆಂ.ಮೀ. ಮಾತ್ರ ಒಡೆಯಿರಿ. ಪೂರ್ತಿ ಕೀಳಬೇಡಿ. ಪಕ್ಕದಲ್ಲಿ ದಿನಾಂಕ ಬರೆದು ಫೋಟೋ ತೆಗೆದುಕೊಳ್ಳಿ. ಕೆಲವು ದಿನದಲ್ಲಿ ಒದ್ದೆ ಮಣ್ಣಿನಿಂದ ತೇಪೆ ಬಿದ್ದಿದ್ದರೆ ಹುಳ ಇದೆ. ಒಮ್ಮೊಮ್ಮೆ ರಾತ್ರೋರಾತ್ರಿಯೇ ಮುಚ್ಚಿಬಿಡುತ್ತದೆ. ಮುಚ್ಚದೇ ಇದ್ದರೆ ಆ ದಾರಿ ಬಿಟ್ಟಿದೆ ಅಂತ ಮಾತ್ರ ಹೇಳಬಹುದು, ಮನೆ ಬಿಟ್ಟಿದೆ ಅಂತ ಹೇಳಲಾಗದು.

ಪುಡಿಗೆ ಬೇರೆ ಪರೀಕ್ಷೆ. ಬ್ರಷ್‌ನಿಂದ ಪೂರ್ತಿ ಒರೆಸಿ, ತೂತುಗಳ ಮೇಲೆ ಕಾಗದದ ಟೇಪು ಅಂಟಿಸಿ, ಕೆಳಗೆ ಕಪ್ಪು ಹಾಳೆ ಹಾಸಿ. ಮಂಚವನ್ನು ಅಲುಗಾಡಿಸಬಾರದು. ಮಕ್ಕಳು ಕುಣಿದರೆ ಹಳೆಯ ತೂತಿನಲ್ಲಿದ್ದ ಹಳೆಯ ಪುಡಿಯೇ ಉದುರಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಟೇಪು ಒಳಗಿನಿಂದ ತೂತಾದರೆ ಸಂಶಯವೇ ಇಲ್ಲ. ತೂತಿನ ಒಳಗೋಡೆ ಹೊಸ ಮರದ ಬಣ್ಣದಲ್ಲಿದ್ದರೆ ಇತ್ತೀಚಿನದು, ಕಪ್ಪಾಗಿ ಧೂಳು ಕೂತಿದ್ದರೆ ಹಳೆಯದು. ಕುಟ್ಟೆಯ ಒಂದು ಸುತ್ತು ಮುಗಿಯಲು ಕೆಲವು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಒಂದು ವಾರ ಪುಡಿ ಬೀಳಲಿಲ್ಲ ಅಂತ ಸಮಾಧಾನ ಪಡಬೇಡಿ.

ಮೂರನೇ ಮಹಡಿಗೆ ಹೇಗೆ ಬಂತು?

ಫ್ಲಾಟ್‌ನವರು ಕೇಳುವ ಪ್ರಶ್ನೆ ಇದು. ದಾರಿ ಎರಡು. ಒಂದು, ಪ್ಲಂಬಿಂಗ್ ಶಾಫ್ಟ್, ಲಿಫ್ಟ್ ಗೋಡೆ, ಕಟ್ಟಡದ ಎರಡು ಭಾಗದ ನಡುವೆ ಬಿಡುವ ಸಂದಿ. ನೆಲದಿಂದ ಅಲ್ಲಿಯವರೆಗೂ ಮುಚ್ಚಿದ ದಾರಿ ಇರುತ್ತದೆ. ಎರಡನೆಯದು ಜನ ನಂಬದ ದಾರಿ. ಹಾಲಿನ ಹನಿ ಬಿಡುವ ಆ ಕಾಪ್ಟೋಟರ್ಮಿಸ್ ಜಾತಿಗೆ ಬಿಡದೆ ನೀರು ಸಿಗುವ ಜಾಗ ಸಿಕ್ಕರೆ ಗೋಡೆಯ ಪೊಳ್ಳಿನಲ್ಲೇ ಗೂಡು ಕಟ್ಟಬಲ್ಲದು. ನೆಲಕ್ಕೆ ಇಳಿಯಲೇಬೇಕು ಅಂತಿಲ್ಲ. ಇಂಥ ಕಡೆ ಕೆಳಗಿನ ನೆಲ ಎಷ್ಟು ಕೊರೆದರೂ ಮೇಲಿನ ಗೂಡಿಗೆ ಏನೂ ಆಗುವುದಿಲ್ಲ. ಹುಡುಕಬೇಕಾದ್ದು ನೀರನ್ನು.

ನೀರು ಹುಡುಕಲು ತೇವ ಅಳೆಯುವ ಮೀಟರ್ ಸಿಗುತ್ತದೆ. ಇಲ್ಲದಿದ್ದರೆ ಅನುಮಾನದ ಗೋಡೆಗೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ ಮಾರನೇ ದಿನ ನೋಡಿ. ಗೋಡೆ ಕಡೆಯ ಮುಖದಲ್ಲಿ ಹನಿ ಕಟ್ಟಿದ್ದರೆ ನೀರು ಗೋಡೆಯ ಒಳಗಿನದು. ಮೇಲಿನ ಮನೆಯ ಸ್ನಾನದ ಮನೆ, ಎಸಿ ನೀರಿನ ಪೈಪು, ಬಾಲ್ಕನಿಯ ಮಳೆನೀರು, ಗೋಡೆಯೊಳಗಿನ ಬಿಸಿನೀರಿನ ಪೈಪಿನ ಜಾಯಿಂಟು, ಈ ಕ್ರಮದಲ್ಲಿ ಹುಡುಕಿ. ನನ್ನನ್ನು ಕೇಳಿದರೆ ಸೋರಿಕೆ ನಿಲ್ಲಿಸದೆ ಔಷಧಿಗೆ ಒಂದು ರೂಪಾಯಿಯೂ ಖರ್ಚು ಮಾಡಬಾರದು.

ಹುಳ ಗೊತ್ತಾಯ್ತು, ಮುಂದೆ?

ನೆಲದ ಗೆದ್ದಲಾದರೆ ಮಣ್ಣಿಗೆ ಮದ್ದು. ಭಾರತೀಯ ಮಾನಕ ಐಎಸ್ 6313ರ ಮೂರನೇ ಭಾಗ ಕಟ್ಟಿ ಮುಗಿದ ಮನೆಗಳಿಗೇ ಇರುವುದು. ಅದರ ಪ್ರಕಾರ ನೆಲ ಮತ್ತು ಗೋಡೆ ಸೇರುವ ಕಡೆ 300 ಮಿ.ಮೀ.ಗೆ ಒಂದರಂತೆ 12 ಮಿ.ಮೀ. ತೂತು ಕೊರೆದು ತೂತಿಗೆ 1 ಲೀಟರ್ ದ್ರಾವಣ ಇಳಿಸಬೇಕು. ಈ ಲೆಕ್ಕ ನೆನಪಿಟ್ಟುಕೊಂಡರೆ ಕೆಲಸದವರು ಬಂದಾಗ ಉಪಯೋಗ. ಒಂದು ಬಕೆಟ್ ಔಷಧಿಯಲ್ಲಿ ಇಡೀ ಮನೆ ಮುಗಿಸಿ ಹೊರಟರೆ ಎಷ್ಟು ತೂತು, ಎಷ್ಟು ಲೀಟರ್ ಅಂತ ನೀವೇ ಎಣಿಸಿ ಕೇಳಬಹುದು, ಅಲ್ವಾ? ಔಷಧಿ ಡಬ್ಬಿಯ ಸೀಲು ನಿಮ್ಮ ಎದುರೇ ಒಡೆಯಲಿ, ಹೆಸರು ಮತ್ತು ಪ್ರಮಾಣ ಬಿಲ್ಲಿನಲ್ಲಿ ಬರಲಿ. ಇಮಿಡಾಕ್ಲೋಪ್ರಿಡ್ ಆದರೆ ಗೆದ್ದಲಿಗೆ ಅದರ ಸುಳಿವು ಹತ್ತುವುದಿಲ್ಲ, ದಾಟಿ ಹೋಗಿ ಸಾಯುತ್ತದೆ, ಮೈಗಂಟಿದ್ದನ್ನು ಉಳಿದವಕ್ಕೂ ಹಚ್ಚುತ್ತದೆ. ಬೈಫೆಂಥ್ರಿನ್ ಆದರೆ ಸುಳಿವು ಹತ್ತಿ ದೂರ ಸರಿಯುತ್ತದೆ. ಎರಡನೆಯದರಲ್ಲಿ ನಡುವೆ ಒಂದು ಕಡೆ ಬಿಟ್ಟುಹೋದರೂ ಗೆದ್ದಲು ಆ ಸಂದಿಯನ್ನೇ ಹುಡುಕಿ ಬರುತ್ತದೆ. ಒಳಗೆ ಗೆದ್ದಲು ಈಗಾಗಲೇ ಓಡಾಡುತ್ತಿರುವ ಮನೆಗೆ ಮೊದಲನೆಯದೇ ಮೇಲು ಅಂತ ನನ್ನ ಅಭಿಪ್ರಾಯ. ಆಲ್ಡ್ರಿನ್ ಇದೆ, ಹಳೇ ಮಾಲು, ಪವರ್ ಜಾಸ್ತಿ ಅಂತ ಯಾರಾದರೂ ಹೇಳಿದರೆ ಬಾಗಿಲು ತೋರಿಸಿ. ಅದು ನಿಷೇಧವಾದ ವಿಷ. ಪೆಸ್ಟ್ ಕಂಟ್ರೋಲ್ ಮಾಡುವವರಿಗೆ 1968ರ ಕೀಟನಾಶಕ ಕಾಯ್ದೆಯಡಿ ಪರವಾನಗಿ ಇರಬೇಕು, ತೋರಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಬಾವಿ ಇರುವ ಮನೆಯವರು ಎಚ್ಚರ. ಗೋಡೆಗೆ ಹತ್ತಿರದ ತೆರೆದ ಬಾವಿಯ ಬದಿಯಲ್ಲಿ ಮಣ್ಣಿಗೆ ಮದ್ದು ಇಳಿಸಬಾರದು. ಈ ಔಷಧಿಗಳು ನೀರಿನ ಜೀವಿಗಳಿಗೂ ಕಡು ವಿಷ, ಕೆರೆ, ತೋಡಿನ ಪಕ್ಕದಲ್ಲೂ ಬೇಡ. ಸ್ನಾನದ ಮನೆಯ ನೆಲ ಕೊರೆದರೆ ವಾಟರ್‌ಪ್ರೂಫಿಂಗ್ ಹರಿದು ಹೊಸ ಸೋರಿಕೆ ಶುರುವಾಗುತ್ತದೆ, ಅಲ್ಲಿ ಹೊರಗಿನ ಗೋಡೆಯಿಂದ ಓರೆಯಾಗಿ ಕೊರೆಯಲು ಹೇಳಿ. ನೀರಿನ ಪೈಪು, ವೈರು ಎಲ್ಲಿ ಹೋಗಿದೆ ಅಂತ ಮೊದಲೇ ಚಾಕ್‌ಪೀಸಿನಲ್ಲಿ ಗೆರೆ ಎಳೆದುಕೊಡಿ.

ಒಣಮರದ ಗೆದ್ದಲು, ಕುಟ್ಟೆ ಎರಡಕ್ಕೂ ಕೆಲಸ ಮರದ ಮೇಲೆಯೇ. ಸಣ್ಣ ಭಾಗವಾದರೆ ಆ ತುಂಡು ಕತ್ತರಿಸಿ ಬದಲಿಸುವುದೇ ಅಗ್ಗ. ಉಳಿಸಿಕೊಳ್ಳುವುದಾದರೆ ಸಿರಿಂಜಿನಿಂದ ತೂತುಗಳಿಗೆ ಮದ್ದು ಉಣಿಸಬೇಕು. ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣ ಒಳ್ಳೆಯದೇ, ಆದರೆ ಪಾಲಿಶ್ ಮೇಲೆ ಬಳಿದರೆ ಒಳಗೆ ಇಳಿಯುವುದಿಲ್ಲ. ಪಾಲಿಶ್ ಕೆರೆದು ಬರೀ ಮರಕ್ಕೆ ಕೊಡಬೇಕು, ಒಣಗಿದ ಮೇಲೆ ಮತ್ತೆ ಪಾಲಿಶ್. ಪಾಲಿಶಿನಿಂದಲೂ ಒಂದು ಲಾಭವಿದೆ. ಪುಡಿ ಕುಟ್ಟೆಯ ಹೆಣ್ಣು ಮರದ ಸಣ್ಣ ರಂಧ್ರದೊಳಗೆ ಮೊಟ್ಟೆಯಿಡುತ್ತದೆ, ರಂಧ್ರ ಮುಚ್ಚಿದರೆ ಜಾಗವಿಲ್ಲ. ಆದ್ದರಿಂದ ಮಂಚದ ಅಡಿ, ಕಪಾಟಿನ ಬೆನ್ನು ಹೀಗೆ ಕಾಣದ ಕಡೆಗೂ ಬಳಿಯಿರಿ, ಬಡಗಿಗಳು ಬಿಡುವುದು ಅದನ್ನೇ.

ಬಿಸಿಲಿಗೆ ಇಟ್ಟರೆ ಸಾಯುವುದಿಲ್ಲವೇ ಅಂತ ಕೇಳುತ್ತಾರೆ. ರಫ್ತಾಗುವ ಮರದ ಪೆಟ್ಟಿಗೆಗಳಿಗೆ ಇರುವ ನಿಯಮ ನೋಡಿ. ಮರದ ನಡುಭಾಗಕ್ಕೇ 56 ಡಿಗ್ರಿ ಸೆಲ್ಸಿಯಸ್ ಮುಟ್ಟಿ 30 ನಿಮಿಷ ಹಾಗೇ ಇರಬೇಕು. ತಾರಸಿಯ ಬಿಸಿಲು ದಪ್ಪ ಮಂಚದ ಕಾಲಿಗೆ ಅಷ್ಟು ಬಿಸಿ ಮುಟ್ಟಿಸುವುದಿಲ್ಲ. ಸೀಮೆಎಣ್ಣೆ, ಡೀಸೆಲ್ ತಾಗಿದ ಹುಳ ಸಾಯುತ್ತದೆ, ಒಳಗಿನದು ಉಳಿಯುತ್ತದೆ, ಮನೆಗೆ ಬೆಂಕಿಯ ಭಯ ಬೇರೆ. ಅಕ್ಕಿ ಗೋದಾಮಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕುವ ಸಲಹೆ ಕೊಡುವವರೂ ಇದ್ದಾರೆ. ಯಾವ ಕಾರಣಕ್ಕೂ ಬೇಡ. ಅದರಿಂದ ಏಳುವ ಫಾಸ್ಫೀನ್ ಅನಿಲ ಪಕ್ಕದ ಕೋಣೆಗೂ ಪಕ್ಕದ ಮನೆಗೂ ಹೋಗಿ ಮನುಷ್ಯರನ್ನೇ ಕೊಲ್ಲುತ್ತದೆ.

ಹೆಂಚಿನ ಮಾಡಿಗೆ ನಮ್ಮ ಕಡೆಯ ಗೇರುಬೀಜದ ಸಿಪ್ಪೆಯ ಎಣ್ಣೆ ಈಗಲೂ ಒಳ್ಳೆಯ ಮದ್ದು. ಹಚ್ಚುವಾಗ ಕೈಗವಸು ಬೇಕು, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಆದರೆ ಇದು ಬರದಂತೆ ತಡೆಯಲು, ಒಳಗೆ ಸೇರಿದ ಹುಳ ಓಡಿಸಲು ಅಲ್ಲ.

ಮರ ಎಷ್ಟು ಉಳಿದಿದೆ ಅನ್ನುವುದು ಬೇರೆ ಪ್ರಶ್ನೆ. ಚೌಕಟ್ಟು ಟೊಳ್ಳಾದರೆ ಬಾಗಿಲು ಜೋತುಬೀಳುತ್ತದೆ, ಅಷ್ಟೇ. ತೊಲೆ, ಜಂತಿ, ಪಕಾಸು ಹಾಗಲ್ಲ. ಸ್ಕ್ರೂಡ್ರೈವರ್ ಮೂತಿ ಗೋಡೆ ಹತ್ತಿರದ ತುದಿಯಲ್ಲಿ ಸಲೀಸಾಗಿ ಇಳಿದರೆ ಔಷಧಿಯವರಿಗಿಂತ ಮೊದಲು ಕೆಳಗೆ ಆಸರೆ ಕಂಬ ಕೊಡಿಸಿ, ಎಂಜಿನಿಯರ್ ಅಥವಾ ಅನುಭವದ ಆಚಾರ್ರನ್ನು ಕರೆಸಿ. ಹೊಸ ಮರ ತರುವಾಗ ಹೇಳಿದ ಜಾತಿಯೇ ಕೊಟ್ಟಿದ್ದಾರೋ ಅಂತ ಸಂಶಯವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಚೂರು ಕೊಟ್ಟು ಪತ್ತೆ ಮಾಡಿಸಬಹುದು.

ಔಷಧಿ ಹಾಕಿದ ಮೇಲೂ ಬಂದರೆ

ಗಲಾಟೆಗೆ ಮುಂಚೆ ನಾಲ್ಕು ವಿಷಯ ನೋಡಿ. ಹೊಸ ಮಣ್ಣು ಹಳೆಯ ಜಾಗದಲ್ಲೋ ಹೊಸ ಜಾಗದಲ್ಲೋ? ಹಳೆಯ ಜಾಗವಾದರೆ ಆ ಕಡೆ ಮದ್ದು ಇಳಿದಿಲ್ಲ, ಗ್ಯಾರಂಟಿಯಲ್ಲಿ ಮತ್ತೆ ಮಾಡಿಸಿ. ಹೊಸ ಜಾಗವಾದರೆ ಕೊರೆಯದೆ ಬಿಟ್ಟ ಕೋಣೆ ಯಾವುದು ಅಂತ ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಗ್ರಾನೈಟ್ ಹಾಳಾದೀತು ಅಂತ ನೀವೇ ಬೇಡ ಅಂದ ಕೋಣೆ ಅದು! ಔಷಧಿ ಹಾಕಿದ ಮೇಲೆ ಗೋಡೆ ಪಕ್ಕ ಅಗೆದು ಪೈಪು ಹಾಕಿಸಿದ್ದೀರಾ, ಹೊಸ ಮಣ್ಣು ತುಂಬಿಸಿ ಪಾತಿ ಮಾಡಿದ್ದೀರಾ? ಮದ್ದಿನ ಪಟ್ಟಿ ಅಲ್ಲಿ ತುಂಡಾಗಿದೆ. ಇವು ಯಾವುದೂ ಅಲ್ಲದೆ ಪುಡಿ ಮಾತ್ರ ಬೀಳುತ್ತಿದ್ದರೆ ಕಪ್ಪು ಹಾಳೆ ತೆಗೆದುಕೊಂಡು ಮತ್ತೆ ಮೊದಲಿನಿಂದ. ಒಂದೇ ಮನೆಯಲ್ಲಿ ನೆಲದ ಗೆದ್ದಲು ಮತ್ತು ಕುಟ್ಟೆ ಎರಡೂ ಇರುವುದು ಅಪರೂಪವೇನಲ್ಲ.

ತಿಂದ ಚೌಕಟ್ಟು ಬದಲಿಸುವಾಗ ಹೊಸದರ ಕಾಲನ್ನು ಕಾಂಕ್ರೀಟಿನೊಳಗೆ ಹೂಳಿಸಬೇಡಿ. ಸ್ನಾನದ ಮನೆಗೆ ಮರವೇ ಬೇಕೆಂದರೆ ಕೆಳಗೆ ನಾಲ್ಕೈದು ಇಂಚು ಗ್ರಾನೈಟ್ ತುಂಡು ಕೊಟ್ಟು ಅದರ ಮೇಲೆ ಮರ ನಿಲ್ಲಿಸಿ. ಕೂರಿಸುವ ಮೊದಲು ಕತ್ತರಿಸಿದ ತುದಿಗೆ, ಗೋಡೆಗೆ ತಾಗುವ ಬೆನ್ನಿಗೆ ಎರಡು ಸಲ ಮದ್ದು ಬಳಿಸಿ. ಕೂರಿಸಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.